ಬ್ಲೂ ಬ್ಯಾಡ್ಜಾ, ಗ್ರೀನ್ ಬ್ಯಾಡ್ಜಾ? ಅಮೆರಿಕದಲ್ಲಿ ಕ್ಲಿಯರೆನ್ಸ್ ಇರುವವರು ಸರ್ಕಾರಿ ಕೆಲಸ ಮತ್ತು ಕಾಂಟ್ರಾಕ್ಟ್ ನಡುವೆ ಆರಿಸಿಕೊಳ್ಳುವುದು ಹೇಗೆ

ವಾಷಿಂಗ್ಟನ್ ಸುತ್ತಮುತ್ತ, ಅಂದರೆ ಉತ್ತರ ವರ್ಜೀನಿಯಾ ಮತ್ತು ಮೇರಿಲ್ಯಾಂಡ್ ಕಡೆ, ಐಟಿ ಕೆಲಸದಲ್ಲಿರುವ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಸಿಟಿಜನ್‌ಶಿಪ್ ಬಂದು, ಯಾವುದೋ ರಕ್ಷಣಾ ಪ್ರಾಜೆಕ್ಟಿಗೆ ಸೇರಿ, ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ರಹಸ್ಯ ಮಾಹಿತಿ ನೋಡುವ ಅನುಮತಿ, ಪಡೆದವರಿಗೆ ಸ್ವಲ್ಪ ದಿನದಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ. ಕಂಪನಿಯ ಕಡೆಯಿಂದ ಕಾಂಟ್ರಾಕ್ಟರ್ ಆಗಿಯೇ ಇರಬೇಕಾ, ಇಲ್ಲ ಅದೇ ಕಚೇರಿಯಲ್ಲಿ ಸರ್ಕಾರಿ ನೌಕರ ಆಗಬೇಕಾ? ಗುಪ್ತಚರ ಸಂಸ್ಥೆಗಳಲ್ಲಿ ಸರ್ಕಾರಿ ನೌಕರರಿಗೆ ನೀಲಿ ಬ್ಯಾಡ್ಜ್, ಕಾಂಟ್ರಾಕ್ಟರ್‌ಗಳಿಗೆ ಹಸಿರು ಬ್ಯಾಡ್ಜ್. ಅಲ್ಲಿನವರು ಇದನ್ನು ಬಣ್ಣದಲ್ಲೇ ಮಾತಾಡುತ್ತಾರೆ.

ಹೆಚ್ಚಿನವರು ಎರಡು ಆಫರ್‌ಗಳ ಸಂಬಳ ಪಕ್ಕಪಕ್ಕ ಇಟ್ಟು ನೋಡಿ, ಜಾಸ್ತಿ ಇರುವ ಕಡೆ ಹೋಗುತ್ತಾರೆ. ನನ್ನ ಪ್ರಕಾರ ಇಲ್ಲಿ ಸಂಬಳಕ್ಕಿಂತ ಕ್ಯಾಲೆಂಡರ್ ಮುಖ್ಯ. ನಿಮಗೀಗ ಎಷ್ಟು ವಯಸ್ಸು, ಎಷ್ಟು ವರ್ಷ ಅಲ್ಲಿರುತ್ತೀರಿ, ನೀವು ಸೇರುವ ಕಾಂಟ್ರಾಕ್ಟ್‌ಗೆ ಇನ್ನೆಷ್ಟು ಆಯುಸ್ಸಿದೆ, ಈ ಮೂರು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

1. ಕ್ಲಿಯರೆನ್ಸ್ ನಿಮ್ಮ ಆಸ್ತಿ ಅಲ್ಲ ಎಂಬುದರಿಂದ ಶುರು ಮಾಡಿ

"ನನಗೆ ಟಾಪ್ ಸೀಕ್ರೆಟ್ ಇದೆ" ಅಂತ ನಾವು ಹೇಳುತ್ತೇವೆ. ಆದರೆ ಅದು ಪಾಸ್‌ಪೋರ್ಟ್ ಥರ ನಿಮ್ಮ ಕೈಯಲ್ಲಿ ಇರುವಂಥದ್ದಲ್ಲ. ಸ್ವಂತವಾಗಿ ಅರ್ಜಿ ಹಾಕಿ ಪಡೆಯಲೂ ಆಗುವುದಿಲ್ಲ. ಒಂದು ಸರ್ಕಾರಿ ಸಂಸ್ಥೆಯೋ, ಫೆಸಿಲಿಟಿ ಕ್ಲಿಯರೆನ್ಸ್, ಅಂದರೆ ರಹಸ್ಯ ಕೆಲಸ ಮಾಡಲು ಅನುಮತಿ, ಇರುವ ಕಂಪನಿಯೋ ನಿಮ್ಮನ್ನು ಸ್ಪಾನ್ಸರ್ ಮಾಡಬೇಕು. ಇಲ್ಲಿ ಎರಡು ವಿಷಯ ಬೇರೆ ಬೇರೆ ಇವೆ. ಒಂದು ಅರ್ಹತೆ, ಇನ್ನೊಂದು ಪ್ರವೇಶ. ತನಿಖೆ ಮುಗಿದು ನಿಮ್ಮನ್ನು ನಂಬಬಹುದು ಅಂತ ತೀರ್ಮಾನ ಆದರೆ ಅರ್ಹತೆ ಬರುತ್ತದೆ. ಆ ರಹಸ್ಯ ನೋಡಲೇಬೇಕಾದ ಕೆಲಸದಲ್ಲಿ ಇರುವಷ್ಟು ದಿನ ಮಾತ್ರ ಪ್ರವೇಶ.

ಕೆಲಸ ಬಿಟ್ಟ ದಿನ ಪ್ರವೇಶ ಮುಗಿಯುತ್ತದೆ. ಅರ್ಹತೆ ತಕ್ಷಣ ಸಾಯುವುದಿಲ್ಲ. ಸಾಮಾನ್ಯವಾಗಿ 24 ತಿಂಗಳ ಒಳಗೆ ಇನ್ನೊಂದು ಕ್ಲಿಯರ್ಡ್ ಕೆಲಸ ಸಿಕ್ಕರೆ ಹೊಸದಾಗಿ ಪೂರ್ತಿ ತನಿಖೆ ಇಲ್ಲದೆ ಮತ್ತೆ ಚಾಲನೆ ಸಿಗುತ್ತದೆ. ಕಾಂಟ್ರಾಕ್ಟರ್ ಆಗಿದ್ದವರು ಸರ್ಕಾರಿ ಕೆಲಸಕ್ಕೆ ಹೋಗುವಾಗಲೂ, ಅಲ್ಲಿಂದ ಈಚೆಗೆ ಬರುವಾಗಲೂ ಇದೇ ಲೆಕ್ಕ. ಒಂದು ಸಂಸ್ಥೆ ಕೊಟ್ಟ ಕ್ಲಿಯರೆನ್ಸನ್ನು ಇನ್ನೊಂದು ಸಂಸ್ಥೆ ಒಪ್ಪಬೇಕು ಅಂತ ನಿಯಮ ಇದೆ. ಆದರೂ ಎನ್‌ಎಸ್‌ಎ, ಸಿಐಎ ಥರದ ಗುಪ್ತಚರ ಸಂಸ್ಥೆಗಳಲ್ಲಿ ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಪರೀಕ್ಷೆ, ಬೇಕಾಗುತ್ತದೆ. ಬೇಹುಗಾರಿಕೆಯ ಬಗ್ಗೆ ಮಾತ್ರ ಕೇಳುವ ಕೌಂಟರ್ ಇಂಟೆಲಿಜೆನ್ಸ್ ಪಾಲಿಗ್ರಾಫ್ ಆಗಿರುವವರಿಗೆ, ವೈಯಕ್ತಿಕ ಬದುಕಿನ ಪ್ರಶ್ನೆಗಳೂ ಇರುವ ಫುಲ್ ಸ್ಕೋಪ್ ಕೇಳಿದರೆ ಮತ್ತೆ ತಿಂಗಳುಗಟ್ಟಲೆ ಕಾಯುವುದು ತಪ್ಪುವುದಿಲ್ಲ.

ಹಾಗಾಗಿ ಮೊದಲ ಕೆಲಸ, ನಿಮ್ಮ ಕಂಪನಿಯ ಫೆಸಿಲಿಟಿ ಸೆಕ್ಯುರಿಟಿ ಆಫೀಸರ್ ಹತ್ತಿರ ಹೋಗಿ ಮೂರು ವಿಷಯ ಬರೆದುಕೊಳ್ಳಿ: ನಿಮ್ಮ ಅರ್ಹತೆಯ ಮಟ್ಟ, ಕೊನೆಯ ತನಿಖೆ ಮುಗಿದ ದಿನಾಂಕ, ಮುಂದುವರಿದ ನಿಗಾ ವ್ಯವಸ್ಥೆಯಲ್ಲಿ, ಅಂದರೆ ಕಂಟಿನ್ಯುಯಸ್ ವೆಟಿಂಗ್‌ನಲ್ಲಿ, ನಿಮ್ಮ ಹೆಸರು ಇದೆಯಾ ಇಲ್ಲವಾ. ಯಾವ ಕಡೆ ಅರ್ಜಿ ಹಾಕಿದರೂ ಇದನ್ನು ಕೇಳುತ್ತಾರೆ.

2. ಕಾಂಟ್ರಾಕ್ಟ್‌ನ ಜಾತಕ ಕೇಳಿ

ಕಾಂಟ್ರಾಕ್ಟರ್ ಆಫರ್ ಬಂದಾಗ ಕಂಪನಿಯ ಹೆಸರು ನೋಡಿ ಖುಷಿಪಡುವುದು ಸಹಜ. ಉತ್ತರ ವರ್ಜೀನಿಯಾದ ರೆಸ್ಟನ್, ಹರ್ಂಡನ್, ಮೆಕ್ಲೀನ್ ರಸ್ತೆಗಳಲ್ಲಿ ಲೈಡೋಸ್, ಸಿಎಸಿಐ, ಬೂಜ್ ಅಲೆನ್ ಹ್ಯಾಮಿಲ್ಟನ್ ಬೋರ್ಡುಗಳು ಸಾಲಾಗಿ ಕಾಣುತ್ತವೆ. ಆದರೆ ನೀವು ನಿಜವಾಗಿ ಸೇರುವುದು ಕಂಪನಿಗಲ್ಲ, ಒಂದು ಕಾಂಟ್ರಾಕ್ಟ್‌ಗೆ. ಬೆಂಗಳೂರಿನ ಸರ್ವಿಸ್ ಕಂಪನಿಯಲ್ಲಿ ಇದ್ದು ಕ್ಲೈಂಟ್ ಜಾಗದಲ್ಲಿ ಕೂತವರಿಗೆ ಇದು ಬೇಗ ಅರ್ಥ ಆಗುತ್ತದೆ. ಅಲ್ಲಿ ಪ್ರಾಜೆಕ್ಟ್ ಮುಗಿದರೆ ಬೆಂಚ್ ಇತ್ತು, ಅಂದರೆ ಮುಂದಿನ ಪ್ರಾಜೆಕ್ಟ್ ತನಕ ಸಂಬಳದ ಜೊತೆ ಕಾಯಬಹುದಿತ್ತು. ಇಲ್ಲಿ ಬೆಂಚ್ ಅಂದರೆ ಹೆಚ್ಚಿನ ಕಡೆ ಕೆಲವೇ ವಾರ, ಕೆಲವು ಕಡೆ ಅದೂ ಇಲ್ಲ.

ಸಾಮಾನ್ಯವಾಗಿ ಕಾಂಟ್ರಾಕ್ಟ್ ಒಂದು ಬೇಸ್ ವರ್ಷ ಮತ್ತು ಅದರ ಮೇಲೆ ನಾಲ್ಕು ಆಪ್ಷನ್ ವರ್ಷ ಅಂತ ಇರುತ್ತದೆ. ಆಪ್ಷನ್ ಅಂದರೆ ಸರ್ಕಾರದ ಆಪ್ಷನ್, ನಿಮ್ಮದಲ್ಲ. ಪ್ರತಿ ವರ್ಷ ಅವರು ಮುಂದುವರಿಸಬಹುದು, ಬಿಡಬಹುದು. ಐದು ವರ್ಷ ಮುಗಿದ ಮೇಲೆ ಮತ್ತೆ ಟೆಂಡರ್. ಅದನ್ನು ರಿಕಂಪೀಟ್ ಅನ್ನುತ್ತಾರೆ. ಹೊಸ ಕಂಪನಿ ಗೆದ್ದರೆ ಹಳೆಯ ಜನರನ್ನೇ ಕರೆದುಕೊಳ್ಳುವುದು ಮಾಮೂಲಿ, ಏಕೆಂದರೆ ಕ್ಲಿಯರೆನ್ಸ್ ಇರುವವರು ಸುಲಭಕ್ಕೆ ಸಿಗುವುದಿಲ್ಲ. ಅದೇ ಕುರ್ಚಿ, ಅದೇ ಕಂಪ್ಯೂಟರ್, ಹೊಸ ಕಂಪನಿಯ ಹೆಸರು. ಆದರೆ ಕಡಿಮೆ ಬೆಲೆಗೆ ಟೆಂಡರ್ ಗೆದ್ದ ಕಂಪನಿ ನಿಮ್ಮ ಸಂಬಳಕ್ಕೂ ಕತ್ತರಿ ಹಾಕಬಹುದು. ರಜೆಯ ಹಿರಿತನ, 401ಕೆ ಎಂಬ ನಿವೃತ್ತಿ ಉಳಿತಾಯದಲ್ಲಿ ಕಂಪನಿ ಹಾಕಿದ ಹಣ ನಿಮ್ಮದಾಗಲು ಬೇಕಾದ ಅವಧಿ (ವೆಸ್ಟಿಂಗ್) ಎಲ್ಲ ಮತ್ತೆ ಸೊನ್ನೆಯಿಂದ ಶುರುವಾಗಬಹುದು.

ಇಂಟರ್‌ವ್ಯೂನಲ್ಲಿ ಸಂಕೋಚ ಇಲ್ಲದೆ ಇವನ್ನು ಕೇಳಿ:

– ಈ ಕಾಂಟ್ರಾಕ್ಟ್ ಈಗ ಎಷ್ಟನೇ ವರ್ಷದಲ್ಲಿದೆ? ರಿಕಂಪೀಟ್ ಯಾವಾಗ?
– ನೀವು ಸರ್ಕಾರದಿಂದ ನೇರವಾಗಿ ಕಾಂಟ್ರಾಕ್ಟ್ ಪಡೆದ ಪ್ರೈಮ್ ಕಂಪನಿಯಾ, ಅದರ ಕೆಳಗೆ ಉಪಗುತ್ತಿಗೆ ಪಡೆದ ಸಬ್ ಕಂಪನಿಯಾ? ಸಬ್ ಆಗಿದ್ದರೆ ನಿಮ್ಮ ಪಾಲಿಗೆ ಎಷ್ಟು ಸೀಟು?
– ಈ ಸೀಟಿಗೆ ಹಣ ಈಗಾಗಲೇ ಬಂದಿದೆಯಾ, ಎಲ್ಲಿಯವರೆಗೆ?
– ಆಫರ್ ಕಂಟಿಂಜೆಂಟಾ, ಅಂದರೆ ಟೆಂಡರ್ ಗೆದ್ದರೆ ಮಾತ್ರ ಕೆಲಸವಾ?
– ಸೀಟು ಹೋದರೆ ಎಷ್ಟು ದಿನ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತೀರಿ?
– ಬಜೆಟ್ ಒಪ್ಪಿಗೆ ಆಗದೆ ಸರ್ಕಾರ ಬಂದ್ ಆದಾಗ ಕಳೆದ ಸಲ ಏನು ಮಾಡಿದಿರಿ?

ನಾಲ್ಕನೆಯದರ ಬಗ್ಗೆ ಸ್ವಲ್ಪ ಎಚ್ಚರ. ಟೆಂಡರ್ ಹಾಕುವಾಗ ಕಂಪನಿಗಳು ಒಳ್ಳೆ ರೆಸ್ಯೂಮೆಗಳನ್ನು ಜೋಡಿಸಿ ತೋರಿಸಬೇಕಾಗುತ್ತದೆ. ಅದಕ್ಕಾಗಿ ನಿಮ್ಮಿಂದ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಹಾಕುವುದರಲ್ಲಿ ತಪ್ಪಿಲ್ಲ. ಆದರೆ ಅದನ್ನು ನಂಬಿ ಈಗಿನ ಕೆಲಸ ಬಿಡುವುದು ಬೇಡ.

ಕೊನೆಯ ಪ್ರಶ್ನೆ ಸುಮ್ನೆ ಕೇಳುವುದಲ್ಲ. 2018ರ ಡಿಸೆಂಬರಿನಲ್ಲಿ ಶುರುವಾದ ಬಂದ್ 35 ದಿನ ನಡೆಯಿತು. 2025ರ ಅಕ್ಟೋಬರ್ 1ರಂದು ಶುರುವಾದದ್ದು 43 ದಿನ. 2019ರಲ್ಲಿ ಬಂದ ಕಾನೂನಿನ ಪ್ರಕಾರ ಫೆಡರಲ್ ನೌಕರರಿಗೆ ಬಂದ್ ಮುಗಿದ ಮೇಲೆ ಹಿಂದಿನ ಸಂಬಳ ಸಿಗಬೇಕು. ಕಾಂಟ್ರಾಕ್ಟರ್‌ಗಳಿಗೆ ಅಂಥ ಭರವಸೆ ಇಲ್ಲ. ಕಂಪನಿ ರಜೆ ಹಾಕಿಸಬಹುದು, ಸಂಬಳ ಇಲ್ಲದೆ ಮನೆಗೆ ಕಳಿಸಬಹುದು. ಮುಂಚಿತವಾಗಿ ಹಣ ಬಂದಿರುವ ಕಾಂಟ್ರಾಕ್ಟ್ ಆದರೆ ಏನೂ ಆಗದೆಯೂ ಇರಬಹುದು. ಎಲ್ಲ ಕಾಂಟ್ರಾಕ್ಟ್ ಮೇಲೆ ನಿಂತಿದೆ.

3. ಸಂಬಳದ ಲೆಕ್ಕ ಹಾಕುವುದು ಹೀಗೆ

ಬಹುಪಾಲು ಫೆಡರಲ್ ಕಚೇರಿಗಳಲ್ಲಿ ಸಂಬಳ ಜಿಎಸ್ (ಜನರಲ್ ಶೆಡ್ಯೂಲ್) ಪಟ್ಟಿಯ ಪ್ರಕಾರ. 15 ಗ್ರೇಡ್, ಪ್ರತಿ ಗ್ರೇಡಿನಲ್ಲಿ 10 ಸ್ಟೆಪ್. ಮೊದಲ ಮೂರು ಬಡ್ತಿಗೆ ವರ್ಷಕ್ಕೊಂದು ಸ್ಟೆಪ್, ಆಮೇಲೆ ಎರಡು ವರ್ಷಕ್ಕೊಂದು, ಕೊನೆಗೆ ಮೂರು ವರ್ಷಕ್ಕೊಂದು. ಒಂದೇ ಗ್ರೇಡಿನಲ್ಲಿ ಕೂತರೆ ಕೆಳಗಿನಿಂದ ಮೇಲಕ್ಕೆ ಹೋಗಲು 18 ವರ್ಷ. ಊರಿನ ಖರ್ಚಿಗೆ ತಕ್ಕಂತೆ ಲೊಕಾಲಿಟಿ ಪೇ ಸೇರುತ್ತದೆ. 2025ರಲ್ಲಿ ವಾಷಿಂಗ್ಟನ್ ಪ್ರದೇಶಕ್ಕೆ ಅದು ಶೇ 33.94 ಇತ್ತು. ಆ ವರ್ಷ ಅಲ್ಲಿ ಜಿಎಸ್-13ರ ಮೊದಲ ಸ್ಟೆಪ್ 1,20,579 ಡಾಲರ್, ಜಿಎಸ್-14ರದ್ದು 1,42,488 ಡಾಲರ್. ಜಿಎಸ್-15ರ ಮೇಲಿನ ಸ್ಟೆಪ್‌ಗಳು ಆ ವರ್ಷ 1,95,200 ಡಾಲರ್ ಮಿತಿಗೆ ತಲೆ ತಾಗಿಸಿ ನಿಂತಿದ್ದವು. ಕೆಲವು ಗುಪ್ತಚರ ಸಂಸ್ಥೆಗಳಿಗೆ ಬೇರೆ ಪಟ್ಟಿ ಇದ್ದರೂ ಅಂಕಿಗಳು ಇದರ ಆಸುಪಾಸಿನಲ್ಲೇ ಇರುತ್ತವೆ.

ಈಗ ಒಂದು ಉದಾಹರಣೆ ಹಾಕೋಣ. ಒಂದು ಕಡೆ ಜಿಎಸ್-13 ಮೊದಲ ಸ್ಟೆಪ್. ಇನ್ನೊಂದು ಕಡೆ ಕಂಪನಿಯಿಂದ 1,50,000 ಡಾಲರ್ ಆಫರ್. ಕಣ್ಣಿಗೆ ಕಾಣುವ ವ್ಯತ್ಯಾಸ ಸುಮಾರು 29,400 ಡಾಲರ್. ಇಲ್ಲಿಗೇ ನಿಲ್ಲಿಸಿದರೆ ಸರ್ಕಾರಿ ಕೆಲಸ ಸೋತಿತು. ಆದರೆ ಮುಂದೆ ನೋಡಿ.

ಮೊದಲು ಪೆನ್ಷನ್. ಫೆಡರಲ್ ನೌಕರರ ಪೆನ್ಷನ್ ವ್ಯವಸ್ಥೆಯ ಹೆಸರು ಫರ್ಸ್. ಸತತ ಮೂರು ವರ್ಷದ ಅತಿ ಹೆಚ್ಚು ಸರಾಸರಿ ಸಂಬಳ, ಅದರ ಶೇ 1, ಗುಣಿಸು ಸೇವೆಯ ವರ್ಷಗಳು. 62 ವಯಸ್ಸಿಗೆ ಅಥವಾ ಆಮೇಲೆ, 20 ವರ್ಷ ಸೇವೆ ಪೂರ್ತಿ ಮಾಡಿ ನಿವೃತ್ತರಾದರೆ ಶೇ 1ರ ಬದಲು ಶೇ 1.1. ನಿಮ್ಮ ಸರಾಸರಿ 1,50,000 ಆಗಿ, 20 ವರ್ಷ ಆಗಿದ್ದರೆ ವರ್ಷಕ್ಕೆ 33,000 ಡಾಲರ್, ಜೀವನಪೂರ್ತಿ. ಬೆಲೆ ಏರಿಕೆಗೆ ಸ್ವಲ್ಪ ಹೆಚ್ಚಳವೂ ಇದೆ. ಅಷ್ಟು ಆದಾಯ ನಿಮ್ಮದೇ ಉಳಿತಾಯದಿಂದ ಬರಬೇಕು, ವರ್ಷಕ್ಕೆ ಶೇ 4ರಂತೆ ತೆಗೆಯುತ್ತೀರಿ ಅಂದುಕೊಂಡರೆ, 8,25,000 ಡಾಲರ್ ಕೂಡಿಡಬೇಕು. ಶೇ 6ರ ಬೆಳವಣಿಗೆ ಹಿಡಿದರೂ 20 ವರ್ಷ, ಪ್ರತಿ ವರ್ಷ ಸುಮಾರು 22,400 ಡಾಲರ್ ಎತ್ತಿಡಬೇಕು. ಫರ್ಸ್ ಕೂಡ ಪುಕ್ಕಟೆ ಅಲ್ಲ. 2014ರಿಂದ ಸೇರಿದವರ ಸಂಬಳದಲ್ಲಿ ಶೇ 4.4 ಹಿಡಿಯುತ್ತಾರೆ. ಈ ಉದಾಹರಣೆಯಲ್ಲಿ ಅದು ವರ್ಷಕ್ಕೆ 5,300 ಡಾಲರಿಂದ ಶುರುವಾಗಿ ಸಂಬಳದ ಜೊತೆ ಏರುತ್ತದೆ. ಅದನ್ನು ಕಳೆದರೆ ಪೆನ್ಷನ್‌ನಿಂದ ನಿಮಗೆ ಉಳಿಯುವ ಬೆಲೆ ವರ್ಷಕ್ಕೆ ಹತ್ತಿರ ಹತ್ತಿರ 16,000.

ಆಮೇಲೆ ರಜೆ. ಹೊಸ ಫೆಡರಲ್ ನೌಕರನಿಗೆ ವರ್ಷಕ್ಕೆ 13 ದಿನ ಆನ್ಯುಯಲ್ ಲೀವ್, 13 ದಿನ ಸಿಕ್ ಲೀವ್, 11 ಸರ್ಕಾರಿ ರಜೆ. ಒಟ್ಟು 37. ಕಂಪನಿ 15 ದಿನ ರಜೆ ಮತ್ತು 11 ಹಾಲಿಡೇ ಕೊಟ್ಟರೆ 26. ವ್ಯತ್ಯಾಸ 11 ದಿನ. ವರ್ಷಕ್ಕೆ 1,50,000 ಅಂದರೆ ದಿನಕ್ಕೆ 577 ಡಾಲರ್. ಅಲ್ಲಿಗೆ 6,300 ಆಯಿತು. ಟಿಎಸ್‌ಪಿ ಎಂಬ ಫೆಡರಲ್ ನೌಕರರ ನಿವೃತ್ತಿ ಉಳಿತಾಯದಲ್ಲಿ ಸರ್ಕಾರ ತಾನಾಗಿ ಶೇ 1, ನಿಮ್ಮ ಹಣಕ್ಕೆ ಜೋಡಿಯಾಗಿ ಶೇ 4, ಒಟ್ಟು ಶೇ 5 ಹಾಕುತ್ತದೆ. ಕಂಪನಿ 401ಕೆಯಲ್ಲಿ ಶೇ 4 ಕೊಟ್ಟರೆ ದೊಡ್ಡ ಸಂಬಳದ ಮೇಲೆ ಅದೂ ಹೆಚ್ಚುಕಡಿಮೆ ಅಷ್ಟೇ.

ಕಣ್ಣಿಗೆ 29,400 ಕಂಡದ್ದು ಈಗ 7,000ಕ್ಕೆ ಇಳಿಯಿತು. ಹೆಲ್ತ್ ಇನ್ಶೂರೆನ್ಸ್ ಹೋಲಿಸಿದರೆ ಇನ್ನೂ ಇಳಿಯಬಹುದು, ಕೆಲವೊಮ್ಮೆ ತಿರುಗಿಯೂ ಬೀಳಬಹುದು. ಇನ್ಶೂರೆನ್ಸ್‌ನಲ್ಲಿ ಪ್ರೀಮಿಯಂಗಿಂತ ದೊಡ್ಡ ವಿಷಯ ಬೇರೆ ಇದೆ. ನಿವೃತ್ತಿಗೆ ಮುಂಚಿನ ಐದು ವರ್ಷ ಬಿಡದೆ ಫೆಡರಲ್ ಪ್ಲಾನ್‌ನಲ್ಲಿ ಇದ್ದು, ಪೆನ್ಷನ್ ಜೊತೆ ನಿವೃತ್ತರಾದರೆ ಅದೇ ಇನ್ಶೂರೆನ್ಸನ್ನು ಮುಂದೆಯೂ ಇಟ್ಟುಕೊಳ್ಳಬಹುದು. ಸರ್ಕಾರದ ಪಾಲು ಆಗಲೂ ಬರುತ್ತದೆ. ಅಮೆರಿಕದಲ್ಲಿ ವಯಸ್ಸಾದವರ ಆಸ್ಪತ್ರೆ ಬಿಲ್ ನೋಡಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಲೆಕ್ಕ ನಿಲ್ಲುವುದು ನೀವು 20 ವರ್ಷ ಅಲ್ಲೇ ಇದ್ದರೆ. ನಾಲ್ಕು ವರ್ಷಕ್ಕೆ ಬಿಟ್ಟು ಬಂದರೆ ಪೆನ್ಷನ್ ಇಲ್ಲ. ನೀವು ಕಟ್ಟಿದ್ದು ಮಾತ್ರ ವಾಪಸ್. ಆಗ ಗೆಲ್ಲುವುದು ಕಂಪನಿಯೇ, ಅದೂ ದೊಡ್ಡ ಅಂತರದಲ್ಲಿ. ನಿಮ್ಮ ಆಫರ್‌ಗಳ ಅಂಕಿ ಹಾಕಿ ಇದೇ ಲೆಕ್ಕವನ್ನು ಎರಡು ಸಲ ಮಾಡಿ: ನಾಲ್ಕು ವರ್ಷ ಇರುತ್ತೇನೆ ಅಂತ ಒಂದು, 20 ವರ್ಷ ಇರುತ್ತೇನೆ ಅಂತ ಒಂದು.

1099 ಮೇಲೆ, ಅಂದರೆ ಸ್ವತಂತ್ರ ಗುತ್ತಿಗೆಯ ಮೇಲೆ ಗಂಟೆಗೆ ಇಷ್ಟು ಅಂತ ಆಫರ್ ಬಂದಿದ್ದರೆ ಇನ್ನೊಂದು ಮಾತು. ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆಯ ಎರಡೂ ಪಾಲು, ಒಟ್ಟು ಶೇ 15.3, ನಿಮ್ಮ ಮೇಲೆ ಬೀಳುತ್ತದೆ. ಇನ್ಶೂರೆನ್ಸ್ ನಿಮ್ಮದೇ. ರಜೆ ಹಾಕಿದ ದಿನ ದುಡ್ಡಿಲ್ಲ.

4. ಮೂರು, ಐದು, ಇಪ್ಪತ್ತು: ಈ ವರ್ಷಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಸರ್ಕಾರಿ ಕೆಲಸದ ಲಾಭ ತಿಂಗಳು ತಿಂಗಳು ಸಮನಾಗಿ ಬರುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೆಟ್ಟಿಲಿಗೆ ಒಂದು ತಿಂಗಳು ಮುಂಚೆ ಬಿಟ್ಟು ಬಂದವರು ಸುಮ್ನೆ ಕೈ ಹಿಸುಕಿಕೊಳ್ಳಬೇಕು.

ಮೂರು ವರ್ಷಕ್ಕೆ ಟಿಎಸ್‌ಪಿಯಲ್ಲಿ ಸರ್ಕಾರ ತಾನಾಗಿ ಹಾಕಿದ ಶೇ 1 ನಿಮ್ಮದಾಗುತ್ತದೆ. ಆನ್ಯುಯಲ್ ಲೀವ್ 13ರಿಂದ 20 ದಿನಕ್ಕೆ ಏರುತ್ತದೆ. ಕಾಂಪಿಟಿಟಿವ್ ಸರ್ವಿಸ್‌ನಲ್ಲಿ, ಅಂದರೆ ಮುಕ್ತ ಸ್ಪರ್ಧೆಯಲ್ಲಿ ನೇಮಕ ಆಗುವ ಸಾಮಾನ್ಯ ಫೆಡರಲ್ ಸೇವೆಯಲ್ಲಿ, ಇದ್ದವರಿಗೆ ಇನ್ನೊಂದು ದೊಡ್ಡ ಲಾಭ ಇದೆ. ಮೂರು ವರ್ಷ ಪೂರ್ತಿ ಮಾಡಿ ಕರಿಯರ್ ನೌಕರ ಅನಿಸಿಕೊಂಡರೆ, ಬಿಟ್ಟು ಹೋದ ಮೇಲೂ ಮತ್ತೆ ಬರುವ ಅರ್ಹತೆ ಜೀವನಪೂರ್ತಿ ಇರುತ್ತದೆ. ಹೊರಗಿನವರ ಜೊತೆ ಕ್ಯೂ ನಿಲ್ಲದೆ, ಒಳಗಿನವರಿಗೆ ತೆರೆದ ಹುದ್ದೆಗಳಿಗೂ ಅರ್ಜಿ ಹಾಕಬಹುದು. ಹಾಗಾಗಿ ಸರ್ಕಾರಿ ಕೆಲಸ ಹಿಡಿಸಲಿಲ್ಲ ಅನ್ನಿಸಿದರೂ ಮೂರು ವರ್ಷದ ಗೆರೆ ಹತ್ತಿರ ಇದ್ದರೆ ದಾಟಿ ಬಿಡಿ.

ಐದು ವರ್ಷಕ್ಕೆ ಪೆನ್ಷನ್ ಹಕ್ಕು. ಆಮೇಲೆ ಬಿಟ್ಟರೂ 62ಕ್ಕೆ ಅಷ್ಟು ವರ್ಷದ ಪೆನ್ಷನ್ ಸಿಗುತ್ತದೆ, ಕಟ್ಟಿದ ಹಣ ವಾಪಸ್ ತೆಗೆದುಕೊಳ್ಳದಿದ್ದರೆ ಮಾತ್ರ. 15 ವರ್ಷಕ್ಕೆ ರಜೆ 26 ದಿನ. 20 ವರ್ಷ ಸೇವೆ, 62 ವಯಸ್ಸು ಎರಡೂ ಆದರೆ ಶೇ 1.1.

62ರಲ್ಲಿ 20 ಕಳೆಯಿರಿ. 42. ಆ ವಯಸ್ಸಿನೊಳಗೆ ಸೇರಿದರೆ 62ಕ್ಕೆ 20 ವರ್ಷ ಪೂರ್ತಿ ಆಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಇಡೀ ಆಯ್ಕೆಯಲ್ಲಿ ಇದಕ್ಕಿಂತ ಉಪಯೋಗದ ಅಂಕಿ ಇನ್ನೊಂದಿಲ್ಲ. ನಮ್ಮಲ್ಲಿ ಎಚ್-1ಬಿ, ಗ್ರೀನ್ ಕಾರ್ಡ್ ಕಾಯುವಿಕೆ ಎಲ್ಲ ಮುಗಿಸಿ ಸಿಟಿಜನ್‌ಶಿಪ್ ಬರುವ ಹೊತ್ತಿಗೆ ಎಷ್ಟೋ ಜನಕ್ಕೆ ನಲವತ್ತು ದಾಟಿರುತ್ತದೆ. ನಿಮಗೀಗ 34 ಆಗಿದ್ದರೆ ಅವಸರ ಇಲ್ಲ. ಕಾಂಟ್ರಾಕ್ಟರ್ ಆಗಿ ದುಡಿಯಿರಿ, ಮನೆಯ ಸಾಲ ತೀರಿಸಿ, ಬೇರೆ ಬೇರೆ ಸಂಸ್ಥೆಗಳ ಒಳಗೆ ಓಡಾಡಿ ಯಾವುದು ಹಿಡಿಸುತ್ತದೆ ಅಂತ ನೋಡಿ. 40 ಆಗಿದ್ದರೆ ಈಗಲೇ ಅರ್ಜಿ ಹಾಕಲು ಶುರು ಮಾಡಿ, ಏಕೆಂದರೆ ಸಿಗುವುದಕ್ಕೇ ಸಮಯ ಬೇಕು. 50 ಆಗಿದ್ದರೆ ಶೇ 1.1ರ ಆಸೆ ಬಿಟ್ಟು, ನಿವೃತ್ತಿಯ ಇನ್ಶೂರೆನ್ಸ್‌ಗೋಸ್ಕರ ಮಾತ್ರ ಇದು ಬೇಕಾ ಅಂತ ಯೋಚಿಸಿ. ಹತ್ತು ಹನ್ನೆರಡು ವರ್ಷಕ್ಕೂ ಎಷ್ಟೋ ಮನೆಗಳಿಗೆ ಅದು ಲಾಭವೇ.

ಮಕ್ಕಳ ಕಾಲೇಜು, ಸ್ಟೂಡೆಂಟ್ ಲೋನ್ ಇರುವವರು ಇದನ್ನೂ ನೋಡಿ: ಸಾರ್ವಜನಿಕ ಸೇವೆಯಲ್ಲಿ ಇರುವವರಿಗೆ 120 ಕಂತು ಕಟ್ಟಿದ ಮೇಲೆ ಉಳಿದ ಫೆಡರಲ್ ಲೋನ್ ಮನ್ನಾ ಆಗುವ ಯೋಜನೆ ಇದೆ. ಸರ್ಕಾರಿ ನೌಕರರಿಗೆ ಅದು ಸಿಗುತ್ತದೆ. ಲಾಭಕ್ಕೆ ನಡೆಯುವ ಕಂಪನಿಯ ಕಾಂಟ್ರಾಕ್ಟರ್ ಅದೇ ಕಚೇರಿಯಲ್ಲಿ ಕೂತಿದ್ದರೂ ಸಿಗುವುದಿಲ್ಲ.

5. ಊರಿನ ವಿಷಯ: ಒಸಿಐ, ಸೈಟು, ಅಪ್ಪ-ಅಮ್ಮ

ಇದು ಎರಡೂ ಬಣ್ಣದ ಬ್ಯಾಡ್ಜಿಗೆ ಒಂದೇ. ಆದರೂ ನಮ್ಮವರು ತಲೆ ಕೆಡಿಸಿಕೊಳ್ಳುವುದು ಇಲ್ಲೇ ಜಾಸ್ತಿ.

ಕ್ಲಿಯರೆನ್ಸ್ ತನಿಖೆಗೆ ತುಂಬುವ ಎಸ್‌ಎಫ್-86 ಎಂಬ ಉದ್ದನೆಯ ಫಾರಂನಲ್ಲಿ ತಂದೆ-ತಾಯಿ, ಒಡಹುಟ್ಟಿದವರು, ಅತ್ತೆ-ಮಾವ ಎಲ್ಲರ ವಿವರ ಕೊಡಬೇಕು. ವಿದೇಶದ ಬ್ಯಾಂಕ್ ಖಾತೆ, ವಿದೇಶದಲ್ಲಿ ನಿಮ್ಮ ಹೆಸರಿನ ಆಸ್ತಿ, ಪ್ರಯಾಣ, ಗಟ್ಟಿ ಸ್ನೇಹ ಇರುವ ವಿದೇಶಿಯರು, ಎಲ್ಲ ಬರೆಯಬೇಕು. ಮೈಸೂರಿನಲ್ಲಿ ಕೊಂಡ ಸೈಟು, ಎನ್‌ಆರ್‌ಒ ಖಾತೆ, ಅಜ್ಜನ ಜಮೀನಿನಲ್ಲಿ ಬಂದ ಪಾಲು ಯಾವುದನ್ನೂ ಚಿಕ್ಕದು ಅಂತ ಬಿಡಬೇಡಿ. ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಪೌರತ್ವ ಅಲ್ಲ. ಭಾರತ ಎರಡು ಪೌರತ್ವ ಒಪ್ಪುವುದೇ ಇಲ್ಲ. ಆದರೂ ಒಸಿಐ ಇದೆ ಅಂತ ಹೇಳಿಬಿಡಿ. ಅಪ್ಪ-ಅಮ್ಮ ಭಾರತದಲ್ಲಿ ಇದ್ದಾರೆ ಅಂದ ಮಾತ್ರಕ್ಕೆ ಕ್ಲಿಯರೆನ್ಸ್ ನಿಲ್ಲುವುದಿಲ್ಲ. ಹೇಳದೆ ಬಿಟ್ಟು ಆಮೇಲೆ ಸಿಕ್ಕಿಬಿದ್ದರೆ ಮಾತ್ರ ಅದು ಸುಳ್ಳು ಹೇಳಿದ ಪ್ರಶ್ನೆ ಆಗುತ್ತದೆ, ಅದರಿಂದ ಹೊರಬರುವುದು ಕಷ್ಟ.

ಕ್ಲಿಯರೆನ್ಸ್ ಇರುವವರು ಊರಿಗೆ ಹೋಗುವ ಮುಂಚೆ ತಿಳಿಸಬೇಕು. ಅಮ್ಮನಿಗೆ ಹುಷಾರಿಲ್ಲ ಅಂತ ರಾತ್ರೋರಾತ್ರಿ ವಿಮಾನ ಹತ್ತಬೇಕಾಗಿ ಬಂದರೆ, ಹೊರಡುವ ಮುಂಚೆ ಮೇಲಿನವರಿಗೆ ಬಾಯಿಮಾತಿನಲ್ಲಾದರೂ ಹೇಳಿ, ವಾಪಸ್ ಬಂದ ಐದು ಕೆಲಸದ ದಿನದೊಳಗೆ ಪೂರ್ತಿ ವರದಿ ಕೊಡಬೇಕು.

ವ್ಯತ್ಯಾಸ ಬರುವುದು ರಜೆಯಲ್ಲಿ. ಫೆಡರಲ್ ನೌಕರರು ಬಳಸದ ಆನ್ಯುಯಲ್ ಲೀವನ್ನು 30 ದಿನದ ತನಕ ಮುಂದಿನ ವರ್ಷಕ್ಕೆ ಒಯ್ಯಬಹುದು. ಸಿಕ್ ಲೀವ್‌ಗೆ ಮಿತಿಯೇ ಇಲ್ಲ, ಕೂಡುತ್ತಾ ಹೋಗುತ್ತದೆ. ತಂದೆ-ತಾಯಿಗೆ ಗಂಭೀರ ಕಾಯಿಲೆ ಇದ್ದರೆ ಅವರನ್ನು ನೋಡಿಕೊಳ್ಳಲು ಕೂಡಿಟ್ಟ ಸಿಕ್ ಲೀವ್‌ನಲ್ಲಿ ವರ್ಷಕ್ಕೆ 12 ವಾರದವರೆಗೆ ಬಳಸಬಹುದು. ಕಂಪನಿಯಲ್ಲಿ ಸಾಮಾನ್ಯವಾಗಿ ಎಲ್ಲ ರಜೆಯೂ ಒಂದೇ ಡಬ್ಬಿಯಲ್ಲಿ ಇರುತ್ತದೆ. ಜ್ವರಕ್ಕೆ ಖರ್ಚಾದದ್ದು ಊರಿನ ಪ್ರಯಾಣದಿಂದ ಕಡಿತ. ಜೊತೆಗೆ ನೀವು ಕೂರದ ಗಂಟೆಗೆ ಕಂಪನಿ ಬಿಲ್ ಮಾಡುವಂತಿಲ್ಲ, ಆದ್ದರಿಂದ ನಾಲ್ಕು ವಾರ ಒಟ್ಟಿಗೆ ಕೇಳಿದರೆ ಮ್ಯಾನೇಜರ್ ಮುಖ ಸ್ವಲ್ಪ ಸಣ್ಣದಾಗುತ್ತದೆ.

ಕ್ಲಿಯರೆನ್ಸ್‌ಗೆ ತೊಂದರೆ ಬಂದಾಗಿನ ದಾರಿಯೂ ಬೇರೆ. ರಕ್ಷಣಾ ಇಲಾಖೆಯ ಕಾಂಟ್ರಾಕ್ಟರ್‌ಗಳಿಗೆ ಡೋಹಾ ಎಂಬ ಕಚೇರಿಯಲ್ಲಿ ನ್ಯಾಯಾಧೀಶರ ಮುಂದೆ ವಿಚಾರಣೆ ಸಿಗುತ್ತದೆ. ಅಲ್ಲಿನ ತೀರ್ಪುಗಳನ್ನು ಹೆಸರು ತೆಗೆದು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಭಾರತದ ಸಂಬಂಧಿಕರ ವಿಷಯ ಬಂದ ಕೆಲವು ತೀರ್ಪು ಓದಿ ನೋಡಿ, ಅವರು ಏನು ಕೇಳುತ್ತಾರೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಇನ್ನು ಸರ್ಕಾರಿ ನೌಕರರ ಕ್ಲಿಯರೆನ್ಸ್ ರದ್ದಾದರೆ, ರದ್ದು ಮಾಡಿದ್ದು ಸರಿಯೋ ತಪ್ಪೋ ಅಂತ ನೌಕರರ ಮೇಲ್ಮನವಿ ಮಂಡಳಿ ನೋಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1988ರ ಈಗನ್ ಪ್ರಕರಣದಲ್ಲಿ ಹೇಳಿದೆ. ಸರ್ಕಾರಿ ಕೆಲಸ ಅಂದರೆ ಈ ವಿಷಯದಲ್ಲೂ ಜಾಸ್ತಿ ರಕ್ಷಣೆ ಅಂದುಕೊಳ್ಳುವುದು ತಪ್ಪು.

6. ಕೈ ಕಟ್ಟುವ ನಿಯಮಗಳು

ಕೆಲಸದ ಸ್ವರೂಪದ ಬಗ್ಗೆ ಎರಡು ಮಾತು ಸಾಕು. ನೀತಿ ನಿರ್ಧಾರ, ಹಣ ಮಂಜೂರು ಮಾಡುವುದು, ಸರ್ಕಾರಿ ನೌಕರರ ಮೇಲೆ ಯಜಮಾನಿಕೆ, ಇವೆಲ್ಲ ಸರ್ಕಾರದ್ದೇ ಕೆಲಸ. ಕಾಂಟ್ರಾಕ್ಟರ್ ಮಾಡುವಂತಿಲ್ಲ. ಕೋಡ್, ಸಿಸ್ಟಮ್, ಡೇಟಾ ಜೊತೆ ಕೈ ಕೆಸರು ಮಾಡಿಕೊಳ್ಳುವುದು ಇಷ್ಟ ಇದ್ದರೆ ಹಸಿರು ಬ್ಯಾಡ್ಜ್ ಹಿಡಿಸುತ್ತದೆ. ಜಿಎಸ್-14 ದಾಟಿದ ಮೇಲೆ ನೀಲಿ ಬ್ಯಾಡ್ಜಿನವರ ದಿನ ಹೆಚ್ಚಾಗಿ ಮೀಟಿಂಗ್ ಮತ್ತು ಕಾಂಟ್ರಾಕ್ಟ್ ನಿಗಾದಲ್ಲಿ ಹೋಗುತ್ತದೆ.

ಸರ್ಕಾರಿ ನೌಕರ ಆದರೆ ಮನೆಯ ಲೆಕ್ಕಪತ್ರವೂ ಕಾನೂನಿನ ಒಳಗೆ ಬರುತ್ತದೆ. ನಿಮಗೆ ಅಥವಾ ನಿಮ್ಮ ಹೆಂಡತಿಗೆ, ಗಂಡನಿಗೆ ಲಾಭ-ನಷ್ಟ ಆಗುವ ವಿಷಯದಲ್ಲಿ ನೀವು ಕೈ ಹಾಕುವುದು ಅಪರಾಧ. ಗಂಡ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ, ಹೆಂಡತಿ ಅದೇ ಕಂಪನಿಗೆ ಕೆಲಸ ಕೊಡುವ ಕಚೇರಿಯಲ್ಲಿ ಅನ್ನುವ ಜೋಡಿಗಳು ವಾಷಿಂಗ್ಟನ್ ಸುತ್ತ ಅಪರೂಪ ಅಲ್ಲ. ಸೇರುವ ಮುಂಚೆಯೇ ಎಥಿಕ್ಸ್ ಆಫೀಸಿಗೆ ಬರೆದು ಕೇಳಿ. ಕಂಪನಿಯಲ್ಲಿದ್ದಾಗ ಬಂದ ಷೇರುಗಳನ್ನೂ ತೋರಿಸಿ. ಸ್ವಂತ ಎಲ್‌ಎಲ್‌ಸಿ ಇಟ್ಟುಕೊಂಡು ಸರ್ಕಾರದ ಟೆಂಡರ್ ಹಿಡಿಯುವ ಯೋಚನೆ ಇದ್ದರೆ, ನೌಕರ ಆದ ಮೇಲೆ ಅದನ್ನು ಮರೆತುಬಿಡಿ.

ಹ್ಯಾಚ್ ಆಕ್ಟ್ ಪ್ರಕಾರ ಫೆಡರಲ್ ನೌಕರರು ರಾಜಕೀಯಕ್ಕೆ ಚಂದಾ ಎತ್ತುವಂತಿಲ್ಲ, ಮನೆಯಲ್ಲಿ ಭಾನುವಾರ ಕೂಡ. ನಮ್ಮ ಸಮುದಾಯದ ಅಭ್ಯರ್ಥಿ ಚುನಾವಣೆಗೆ ನಿಂತಾಗ ಮನೆಯಲ್ಲಿ ಫಂಡ್‌ರೈಸರ್ ಇಡುವ ಅಭ್ಯಾಸ ಇರುವವರು ಇದನ್ನು ನೆನಪಿಡಿ. ಇನ್ನೊಂದು ತಮಾಷೆಯಾದರೂ ನಿಜ. ವಿದೇಶಿ ಸರ್ಕಾರದಿಂದ ನೌಕರರು ಉಡುಗೊರೆ ಪಡೆಯುವುದಕ್ಕೆ ಕಟ್ಟುಪಾಡು ಇದೆ, ಆ ಕಾನೂನಿನ ಲೆಕ್ಕದಲ್ಲಿ ಭಾರತದ ರಾಜ್ಯ ಸರ್ಕಾರಗಳೂ ವಿದೇಶಿ ಸರ್ಕಾರವೇ. ಕನ್ನಡ ಸಮ್ಮೇಳನದಲ್ಲಿ ಬೆಂಗಳೂರಿನಿಂದ ಬಂದ ಮಂತ್ರಿಗಳು ಹೊದಿಸುವ ಶಾಲು ಪರವಾಗಿಲ್ಲ, ಬೆಲೆಬಾಳುವುದು ಏನಾದರೂ ಕೊಟ್ಟರೆ ಕಚೇರಿಗೆ ತಿಳಿಸಬೇಕು.

ಕಾಂಟ್ರಾಕ್ಟರ್‌ಗೆ ಈ ಕಟ್ಟುಪಾಡು ಕಡಿಮೆ. ಅವರಿಗೆ ದೊಡ್ಡ ಭಯ ಟೈಮ್‌ಶೀಟ್. ಪ್ರತಿದಿನ, ಸರಿಯಾದ ಚಾರ್ಜ್ ಕೋಡಿಗೆ, ನಿಜವಾಗಿ ಮಾಡಿದ ಗಂಟೆ. ಮಾಡದ ಗಂಟೆ ಬರೆದರೆ ಅದು ಸರ್ಕಾರಕ್ಕೆ ಮೋಸ, ಕ್ಲಿಯರೆನ್ಸ್‌ಗೂ ಪೆಟ್ಟು.

7. "ಸರ್ಕಾರಿ ಕೆಲಸ ಹೋಗಲ್ಲ" ಅನ್ನುವ ನಂಬಿಕೆ ಪರೀಕ್ಷಿಸಿ

ಊರಿನಿಂದ ಬಂದ ನಮಗೆ ಸರ್ಕಾರಿ ಕೆಲಸ ಅಂದರೆ ಕಲ್ಲಿನಲ್ಲಿ ಕೊರೆದದ್ದು. 2025 ಆ ನಂಬಿಕೆಯನ್ನು ಚೆನ್ನಾಗಿ ಅಲ್ಲಾಡಿಸಿತು. ಜನವರಿಯಲ್ಲಿ ನೇಮಕಾತಿ ತಡೆ ಬಂತು. ಅದೇ ತಿಂಗಳು ತಾವಾಗಿ ರಾಜೀನಾಮೆ ಕೊಡುವವರಿಗೆ ಯೋಜನೆ ಬಂತು. ಫೆಬ್ರವರಿಯಲ್ಲಿ ಪ್ರೊಬೇಷನ್‌ನಲ್ಲಿದ್ದವರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ತೆಗೆದರು, ವಿಷಯ ಕೋರ್ಟಿಗೂ ಹೋಯಿತು. ರಕ್ಷಣಾ ಇಲಾಖೆಯೂ ಇದರಿಂದ ಹೊರಗೆ ಉಳಿಯಲಿಲ್ಲ. ಅದೇ ವರ್ಷ ಕಾಂಟ್ರಾಕ್ಟ್‌ಗಳನ್ನೂ ರದ್ದು ಮಾಡಿದರು.

ಇದರಿಂದ ತಿಳಿಯುವುದು ಇಷ್ಟು: ಮೊದಲ ವರ್ಷ, ಪ್ರೊಬೇಷನ್ ಇರುವಷ್ಟು ಕಾಲ, ನೀಲಿ ಬ್ಯಾಡ್ಜ್ ಹಸಿರಿನಷ್ಟೇ ನಾಜೂಕು. ಆಮೇಲೆ ರಕ್ಷಣೆ ಬೆಳೆಯುತ್ತದೆ. ಸಾಮೂಹಿಕವಾಗಿ ಹುದ್ದೆ ಕಡಿತ ಬಂದರೆ ಸೇವೆಯ ವರ್ಷ, ಸೈನ್ಯದಲ್ಲಿ ಇದ್ದವರಿಗೆ ಆದ್ಯತೆ, ಕೆಲಸದ ರೇಟಿಂಗ್ ನೋಡುತ್ತಾರೆ. ಹೊಸಬರು ಮೊದಲು ಹೊರಗೆ. ಆದ್ದರಿಂದ ಸರ್ಕಾರಿ ಕೆಲಸಕ್ಕೆ ಸೇರುವವರೂ ಆರು ತಿಂಗಳ ಮನೆ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಸೇರಲಿ.

ಎರಡೂ ಬೇಡ ಅನ್ನಿಸಿದರೆ ನಡುವಿನ ದಾರಿ ಒಂದಿದೆ. ಮೆಕ್ಲೀನ್‌ನ ಮೈಟರ್, ಮೇರಿಲ್ಯಾಂಡ್‌ನ ಲಾರೆಲ್‌ನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ಅಪ್ಲೈಡ್ ಫಿಸಿಕ್ಸ್ ಲ್ಯಾಬ್ ಥರದ ಲಾಭರಹಿತ ಸಂಶೋಧನಾ ಸಂಸ್ಥೆಗಳು. ಟೆಂಡರಿನ ಗಲಾಟೆ ಕಡಿಮೆ, ಸಂಶೋಧನೆ ಜಾಸ್ತಿ. ಪೆನ್ಷನ್ ಲೆಕ್ಕ ಮಾತ್ರ ಇಲ್ಲಿಗೆ ಹೊಂದುವುದಿಲ್ಲ.

8. ಅರ್ಜಿ ಹಾಕಿ, ಚೌಕಾಸಿ ಮಾಡಿ, ಆಮೇಲೆ ರಾಜೀನಾಮೆ

ಫೆಡರಲ್ ಹುದ್ದೆಗಳು ಯುಎಸ್‌ಎಜಾಬ್ಸ್ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ಬರುತ್ತವೆ. ಸಿಐಎ, ಎನ್‌ಎಸ್‌ಎಗೆ ಅವರದೇ ಜಾಗ ಇದೆ. 2025ರ ಸೆಪ್ಟೆಂಬರ್ ಕೊನೆಯಿಂದ ರೆಸ್ಯೂಮೆ ಎರಡೇ ಪುಟ ಇರಬೇಕು. ಹಿಂದೆ ಐದಾರು ಪುಟ ಬರೆಯುತ್ತಿದ್ದವರು ಈಗ ಅಳೆದು ತೂಗಿ ಬರೆಯಬೇಕು. ಜಾಹೀರಾತಿನಲ್ಲಿ ಕೇಳಿದ ಅನುಭವ ನಿಮ್ಮ ಎರಡು ಪುಟದಲ್ಲಿ ಕಾಣದಿದ್ದರೆ ಮೊದಲ ಜರಡಿಯಲ್ಲೇ ಹೊರಗೆ.

ಭಾರತದಲ್ಲಿ ಬಿಇ ಮಾಡಿದವರು ಡಿಗ್ರಿಯ ಮೌಲ್ಯಮಾಪನ ಈಗಲೇ ಮಾಡಿಸಿಟ್ಟುಕೊಳ್ಳಿ. ಶಿಕ್ಷಣದ ಮೇಲೆ ಅರ್ಹತೆ ಕೇಳುವ ಹುದ್ದೆಗಳಿಗೆ, ಅದರಲ್ಲೂ ಎಂಜಿನಿಯರ್ ಹುದ್ದೆಗಳಿಗೆ, ವಿದೇಶಿ ಡಿಗ್ರಿ ಹಾಗೇ ನಡೆಯುವುದಿಲ್ಲ. 2210 ಎಂಬ ಐಟಿ ಸರಣಿಯ ಹುದ್ದೆಗಳಿಗೆ ಅನುಭವವೇ ಸಾಕಾಗುತ್ತದೆ. ಕಾಂಟ್ರಾಕ್ಟ್‌ನಲ್ಲೂ ಲೇಬರ್ ಕೆಟಗರಿ ಪ್ರಕಾರ ಡಿಗ್ರಿ ಮತ್ತು ಇಷ್ಟು ವರ್ಷ ಅನುಭವ ಅಂತ ಬರೆದಿರುತ್ತಾರೆ. ಅಲ್ಲಿ ನಿಮ್ಮ ಜಾಣತನಕ್ಕಿಂತ ಕಾಗದ ಮುಖ್ಯ.

ಆಯ್ಕೆ ಆದರೆ ಮೊದಲು ಟೆಂಟೆಟಿವ್, ಅಂದರೆ ತಾತ್ಕಾಲಿಕ, ಆಫರ್ ಬರುತ್ತದೆ. ಚೌಕಾಸಿ ಮಾಡುವ ಸಮಯ ಇದೇ. ಸರ್ಕಾರಿ ಸಂಬಳದಲ್ಲಿ ಏನು ಚೌಕಾಸಿ ಅಂತ ಸುಮ್ಮನಾಗುವವರು ಜಾಸ್ತಿ. ಗ್ರೇಡ್ ಬದಲಾಗುವುದಿಲ್ಲ ನಿಜ, ಸ್ಟೆಪ್ ಬದಲಾಗುತ್ತದೆ. ವಿಶೇಷ ಅರ್ಹತೆ ಅಂತ ತೋರಿಸಿ ಮೊದಲ ಸ್ಟೆಪ್ ಬದಲು ಮೇಲಿನ ಸ್ಟೆಪ್ ಕೇಳಬಹುದು. 2025ರಲ್ಲಿ ವಾಷಿಂಗ್ಟನ್ ಜಿಎಸ್-13ರ ಹತ್ತನೇ ಸ್ಟೆಪ್ 1,56,755 ಡಾಲರ್ ಇತ್ತು, ಅಂದರೆ ಮೊದಲ ಸ್ಟೆಪ್‌ಗಿಂತ 36,000 ಜಾಸ್ತಿ. ಈಗಿನ ಸಂಬಳದ ಚೀಟಿ ತೋರಿಸಿ ಅದಕ್ಕೆ ಸರಿಗಟ್ಟಿ ಅನ್ನುವ ಹಳೆಯ ದಾರಿ ಮುಚ್ಚಿದೆ. ನಿಮ್ಮ ಕೌಶಲ, ಕ್ಲಿಯರೆನ್ಸ್, ಆ ಸಂಸ್ಥೆಯ ವ್ಯವಸ್ಥೆಯಲ್ಲಿ ಈಗಾಗಲೇ ಇರುವ ಅನುಭವ, ಇವುಗಳ ಮೇಲೆ ಬರೆದು ಕೇಳಿ.

ರಜೆಯನ್ನೂ ಕೇಳಿ. ಹೊರಗೆ ಮಾಡಿದ ಅದೇ ಥರದ ಕೆಲಸದ ವರ್ಷಗಳನ್ನು ರಜೆಯ ಲೆಕ್ಕಕ್ಕೆ ಸೇರಿಸುವ ಅಧಿಕಾರ ಸಂಸ್ಥೆಗೆ ಇದೆ. ಹದಿನೈದು ವರ್ಷ ಅನುಭವ ಒಪ್ಪಿದರೆ ಮೊದಲ ದಿನದಿಂದಲೇ 13ರ ಬದಲು 26 ದಿನ. ಆದರೆ ಸ್ಟೆಪ್ ಆಗಲಿ ರಜೆ ಆಗಲಿ, ಕೆಲಸಕ್ಕೆ ಸೇರುವ ಮುಂಚೆಯೇ ಮಂಜೂರಾಗಿರಬೇಕು. ಸೇರಿದ ಮೇಲೆ ಕೇಳಿದರೆ ಎಚ್‌ಆರ್ ನಯವಾಗಿ ಇಲ್ಲ ಅನ್ನುತ್ತದೆ, ಅವರ ಕೈಯಲ್ಲೂ ಏನೂ ಇರುವುದಿಲ್ಲ.

ಸರ್ಕಾರದಿಂದ ಕಾಂಟ್ರಾಕ್ಟ್ ಕಡೆಗೆ ಹೊರಟವರು ಬೇರೆ ಕ್ರಮ ಹಿಡಿಯಬೇಕು. ಒಂದು ಕಂಪನಿಯ ಜೊತೆ ಕೆಲಸದ ಮಾತು ಶುರು ಮಾಡಿದ ಕ್ಷಣದಿಂದ ಆ ಕಂಪನಿಗೆ ಸಂಬಂಧಪಟ್ಟ ಸರ್ಕಾರಿ ಕೆಲಸದಿಂದ ದೂರ ಸರಿಯಬೇಕು. ನೀವೇ ಕೈಯಾರೆ ನಡೆಸಿದ ಒಂದು ನಿರ್ದಿಷ್ಟ ಕಾಂಟ್ರಾಕ್ಟ್ ವಿಷಯದಲ್ಲಿ, ಬಿಟ್ಟು ಹೋದ ಮೇಲೆ ಕಂಪನಿಯ ಪರವಾಗಿ ಸರ್ಕಾರದ ಮುಂದೆ ವಾದಿಸಲು ಬರುವಂತಿಲ್ಲ, ಅದು ಜೀವನಪೂರ್ತಿ ನಿಷೇಧ. 1 ಕೋಟಿ ಡಾಲರ್ ದಾಟಿದ ಕಾಂಟ್ರಾಕ್ಟ್‌ಗಳಲ್ಲಿ ಕೆಲವು ನಿರ್ದಿಷ್ಟ ಜವಾಬ್ದಾರಿ ಹೊತ್ತವರು ಒಂದು ವರ್ಷ ಆ ಕಂಪನಿಯಿಂದ ಸಂಬಳವನ್ನೇ ಪಡೆಯುವಂತಿಲ್ಲ. ಎಥಿಕ್ಸ್ ಆಫೀಸಿನಿಂದ ಲಿಖಿತ ಅಭಿಪ್ರಾಯ ಕೈಗೆ ಬಂದ ಮೇಲೆ ಆಫರ್‌ಗೆ ಸಹಿ ಹಾಕಿ.

ಯಾವ ಕಡೆ ಹೊರಟರೂ ರಾಜೀನಾಮೆ ಕೊನೆಗೆ. ಟೆಂಟೆಟಿವ್ ಆಫರ್ ಮತ್ತು ಫೈನಲ್ ಆಫರ್ ನಡುವೆ ತಿಂಗಳುಗಳೇ ಹೋಗಬಹುದು, ನಡುವೆ ನೇಮಕಾತಿ ತಡೆ ಬಂದು ಎಲ್ಲ ನಿಂತೂ ಹೋಗಬಹುದು. ಫೈನಲ್ ಆಫರ್, ಸೇರುವ ದಿನಾಂಕ, ಹೊಸ ಕಡೆಯ ಸೆಕ್ಯುರಿಟಿ ಆಫೀಸ್ ನಿಮ್ಮ ಕ್ಲಿಯರೆನ್ಸ್ ಒಪ್ಪಿದೆ ಅನ್ನುವ ಮಾತು, ಈ ಮೂರೂ ಬರಹದಲ್ಲಿ ಬರಲಿ. ಆಮೇಲೆ ಎರಡು ವಾರದ ನೋಟಿಸ್ ಕೊಡಿ. ಕೊನೆಯ ದಿನ, ರಹಸ್ಯದ ಪ್ರವೇಶ ಮುಗಿಯಿತು ಅನ್ನುವ ಡಿಬ್ರೀಫಿಂಗ್ ಫಾರಂಗೆ ಸಹಿ ಹಾಕಿ, ಬ್ಯಾಡ್ಜ್ ವಾಪಸ್ ಕೊಟ್ಟು, ಕ್ಲಿಯರೆನ್ಸ್ ದಾಖಲೆಯಲ್ಲಿ ಬಿಟ್ಟ ದಿನಾಂಕ ಸರಿಯಾಗಿ ಬಿದ್ದಿದೆಯಾ ಅಂತ ಕೇಳಿಕೊಳ್ಳಿ. 24 ತಿಂಗಳ ಲೆಕ್ಕ ಶುರುವಾಗುವುದು ಆ ದಿನದಿಂದ.